ಫ್ರಾನ್ಸಿನಲ್ಲಿ ಆಡಂ ಸ್ಮಿತ್

ಹದಿನೆಂಟನೆಯ ಶತಮಾನದ ಬ್ರಿಟನ್ನಿನ ಶ್ರೀಮಂತ ಮನೆತನಗಳಲ್ಲಿ, ವಾರಸುದಾರನಾದ ತರುಣನನ್ನು ಗುರುವೊಬ್ಬನ ಮೇಲ್ವಿಚಾರಣೆಯಲ್ಲಿ ಕೆಲವು ವರ್ಷ ಯುರೋಪಿನ ನಗರಗಳಿಗೆ ಕಳುಹಿಸುವ ‘ಗ್ರ್ಯಾಂಡ್ ಟೂರ್’ ಎಂಬ ಪದ್ಧತಿಯಿತ್ತು. ಶಿಷ್ಯನಿಗಿಂತ ಗುರುವೇ ಹೆಚ್ಚು ಕಲಿತು ಮರಳಿದ ಇಂತಹ ಯಾತ್ರೆಗಳಲ್ಲಿ ಆಡಂ ಸ್ಮಿತ್‌ನದು ಬಹುಶಃ ಅಗ್ರಗಣ್ಯವಾದುದು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಸ್ಮಿತ್ 1759ರಲ್ಲಿ ಪ್ರಕಟಿಸಿದ ‘ನೈತಿಕ ಭಾವನೆಗಳ ಸಿದ್ಧಾಂತ’ವನ್ನು ಮೆಚ್ಚಿದ ರಾಜಕಾರಣಿ ಚಾರ್ಲ್ಸ್ ಟೌನ್‌ಶೆಂಡ್, ತನ್ನ ಪತ್ನಿಯ ಮೊದಲ ಮದುವೆಯ ಮಗನಾದ ಬಕ್ಲೂ ಡ್ಯೂಕನಿಗೆ ಆತನನ್ನು ಗುರುವಾಗಿ ಗೊತ್ತುಮಾಡಿದನು. ವರ್ಷಕ್ಕೆ 300 ಪೌಂಡ್ ಸಂಬಳವೂ ಅನಂತರ ಬದುಕಿರುವವರೆಗೆ ಅಷ್ಟೇ ಮೊತ್ತದ ವರ್ಷಾಶನವೂ ಗೊತ್ತಾದ ಮೇಲೆ, ಪ್ರಾಧ್ಯಾಪಕ ಪದವಿಯನ್ನು ಬಿಟ್ಟು ಸ್ಮಿತ್ 1764ರ ಆರಂಭದಲ್ಲಿ ಫ್ರಾನ್ಸಿಗೆ ಹೊರಟನು.

ದಕ್ಷಿಣದ ಟುಲೂಸ್ ನಗರದಲ್ಲಿ ಕಳೆದ ಸುಮಾರು 18 ತಿಂಗಳು ಮೊದಮೊದಲು ಬೇಸರದವೇ ಆಗಿದ್ದವು. ಫ್ರೆಂಚ್ ಸರಾಗವಾಗಿ ಬಾರದ, ಪರಿಚಯದವರೂ ಕಡಿಮೆಯಿದ್ದ ಸ್ಮಿತ್, ಹೊತ್ತು ಹೋಗಲೆಂದು ಪುಸ್ತಕವೊಂದನ್ನು ಬರೆಯತೊಡಗಿರುವುದಾಗಿ ಆ ವರ್ಷದ ಜುಲೈಯಲ್ಲಿ ತನ್ನ ಮಿತ್ರ ಡೇವಿಡ್ ಹ್ಯೂಮನಿಗೆ ತಿಳಿಸಿದನು. ಆದರೆ ಆ ಪ್ರಾಂತದಲ್ಲಿ ಕಣ್ಣಿಗೆ ಬಿದ್ದುದು ವ್ಯರ್ಥವಾಗಲಿಲ್ಲ. ಮಗನು ಕ್ಯಾಥೊಲಿಕ್ ಮತಕ್ಕೆ ಸೇರದಂತೆ ಅವನನ್ನು ಕೊಂದನೆಂಬ ಆರೋಪದ ಮೇಲೆ ಪ್ರಾಟೆಸ್ಟಂಟ್ ವರ್ತಕ ಜಾನ್ ಕಲಾಸ್‌ನನ್ನು 1762ರಲ್ಲಿ ಚಕ್ರಕ್ಕೆ ಕಟ್ಟಿ ಕೊಲ್ಲಿಸಿದ್ದು ಇದೇ ಊರಿನ ಉಚ್ಚ ನ್ಯಾಯಾಲಯ. ವೋಲ್ಟೇರನ ಹೋರಾಟದ ಫಲವಾಗಿ ಕಲಾಸ್ ನಿರಪರಾಧಿಯೆಂಬ ತೀರ್ಪು ಹೊರಬಿದ್ದ 1765ರಲ್ಲಿ ಸ್ಮಿತ್ ಇನ್ನೂ ಫ್ರಾನ್ಸಿನಲ್ಲಿಯೇ ಇದ್ದನು, ಮತ್ತು ಕಾಲು ಶತಮಾನದ ಬಳಿಕ ತನ್ನ ಮೊದಲ ಗ್ರಂಥದ ಕಡೆಯ ಪರಿಷ್ಕರಣದಲ್ಲಿ ಆ ಅನ್ಯಾಯವನ್ನು ನೆನೆದನು. ಟುಲೂಸನ್ನು ಮೆಡಿಟರೇನಿಯನ್ ಸಮುದ್ರಕ್ಕೆ ಜೋಡಿಸುವ ಲಾಂಗ್‌ಡಾಕ್ ಕಾಲುವೆಯ ಸುಂಕವನ್ನು ಅದನ್ನು ಯೋಜಿಸಿದ ರಿಕೆಯ ವಂಶಕ್ಕೇ ಬಿಟ್ಟುಕೊಟ್ಟದ್ದರಿಂದ ದುರಸ್ತಿ ಸರಿಯಾಗಿ ನಡೆಯುತ್ತದೆಂಬ ವಾದವೂ ಮುಂದೆ ಅವನ ಅರ್ಥಶಾಸ್ತ್ರದೊಳಗೆ ಸೇರಿತು.

ಜಿನೀವಾಕ್ಕೆ ಹೋಗಿ, ಸಮೀಪದ ಫೆರ್ನೆಯಲ್ಲಿ ತಾನು ಜೀವನವಿಡೀ ಗೌರವಿಸಿದ ವೋಲ್ಟೇರನನ್ನು ಕಂಡು, 1766ರಲ್ಲಿ ಸ್ಮಿತ್ ಪ್ಯಾರಿಸ್ಸಿನಲ್ಲಿ ನೆಲೆಯೂರಿದನು. ಸಿರಿವಂತ ಮಹಿಳೆಯರು ತಮ್ಮ ಮನೆಗಳಲ್ಲಿ ಲೇಖಕರನ್ನು ಕೂಡಿಸುತ್ತಿದ್ದ ‘ಸಲೋನ್’ ಎಂಬ ಗೋಷ್ಠಿಗಳಲ್ಲಿ, ಹ್ಯೂಮನ ಸ್ನೇಹಿತನೆಂಬ ಹೆಸರು ಅವನಿಗೆ ಬಾಗಿಲು ತೆರೆಯಿತು. ಟ್ಯೂರ್ಗೊ, ಮೊರೆಲೆ, ಹೆಲ್ವೇಶಿಯಸ್ ಮೊದಲಾದವರ ಪರಿಚಯವಾಯಿತು. ಇವರೆಲ್ಲರಿಗಿಂತ ಮುಖ್ಯನಾದವನು ಅರಮನೆಯ ವೈದ್ಯ ಫ್ರಾನ್ಸ್ವಾ ಕೆನೆ. ಭೂಮಿಯೊಂದೇ ವೆಚ್ಚ ಕಳೆದು ಮಿಗುವ ನಿವ್ವಳ ಉತ್ಪನ್ನವನ್ನು ಕೊಡಬಲ್ಲುದು, ಕುಶಲಕರ್ಮಿಗಳೂ ವರ್ತಕರೂ ‘ಬಂಜೆ ವರ್ಗ’ ಎಂದು ಸಾರಿದ ಫಿಸಿಯೊಕ್ರಾಟ್ ಪಂಥದ ಮೂಲಪುರುಷನವನು. ಸಂಪತ್ತು ರೈತ, ಭೂಮಾಲಿಕ, ಕುಶಲಕರ್ಮಿಗಳ ನಡುವೆ ವರ್ಷವಿಡೀ ಹೇಗೆ ಸುತ್ತುತ್ತದೆಂಬುದನ್ನು ಒಂದೇ ಕೋಷ್ಟಕದಲ್ಲಿ ತೋರಿಸಿದ್ದನು. ಅದೇ ಆಗಸ್ಟಿನಲ್ಲಿ ಡ್ಯೂಕನಿಗೆ ಜ್ವರ ಬಂದಾಗ ಸ್ಮಿತ್ ಚಿಕಿತ್ಸೆಗೆ ಕರೆಸಿದ್ದೂ ಕೆನೆಯನ್ನೇ. ಅಕ್ಟೋಬರಿನಲ್ಲಿ ಡ್ಯೂಕನ ತಮ್ಮ ಪ್ಯಾರಿಸ್ಸಿನಲ್ಲಿ ತೀರಿಕೊಂಡದ್ದರಿಂದ ಯಾತ್ರೆ ಅಲ್ಲಿಗೆ ಮುಗಿಯಿತು.

ಸ್ಮಿತ್ ತನ್ನ ಅರ್ಥಶಾಸ್ತ್ರವನ್ನು ಫ್ರೆಂಚರಿಂದ ಎತ್ತಿಕೊಂಡನೆಂಬ ಆರೋಪ ನಿಲ್ಲುವಂತಹದಲ್ಲ, ಏಕೆಂದರೆ ಗ್ಲಾಸ್ಗೋದ ವಿದ್ಯಾರ್ಥಿಗಳು ಯಾತ್ರೆಗೆ ಮೊದಲೇ ಬರೆದಿಟ್ಟುಕೊಂಡ ಉಪನ್ಯಾಸದ ಟಿಪ್ಪಣಿಗಳಲ್ಲಿ ಶ್ರಮವಿಭಜನೆಯ ತತ್ತ್ವವೂ ಗುಂಡುಸೂಜಿ ತಯಾರಿಕೆಯ ಪ್ರಸಿದ್ಧ ನಿದರ್ಶನವೂ ಇವೆ. ಆ ಟಿಪ್ಪಣಿಗಳಲ್ಲಿ ಹೆಚ್ಚು ಕಾಣದಿರುವುದು ಬಂಡವಾಳದ ವಿವೇಚನೆ ಮತ್ತು ರಾಷ್ಟ್ರದ ವಾರ್ಷಿಕ ಉತ್ಪನ್ನದ ಹಂಚಿಕೆ; ಪ್ಯಾರಿಸ್ಸಿನ ಋಣವನ್ನು ಹುಡುಕಬೇಕಾದುದು ಅಲ್ಲಿ. 1774ರಲ್ಲಿ ಕೆನೆ ಸಾಯದಿದ್ದರೆ 1776ರಲ್ಲಿ ಹೊರಬಂದ ‘ರಾಷ್ಟ್ರಗಳ ಸಂಪತ್ತು’ ಅವನಿಗೇ ಅರ್ಪಿತವಾಗುತ್ತಿತ್ತೆಂದು ಸ್ಮಿತ್‌ನ ಮೊದಲ ಜೀವನಚರಿತ್ರಕಾರ ಡ್ಯೂಗಾಲ್ಡ್ ಸ್ಟೂವರ್ಟ್ ಹೇಳಿದ್ದಾನೆ. ಗೌರವವೆಂದರೆ ಒಪ್ಪಿಗೆಯಲ್ಲ: ತಂದೆತಾಯಿಗಳ ಸ್ಥಾನ ತುಂಬಲು ಇಬ್ಬರೇ ಮಕ್ಕಳು ಹುಟ್ಟಿದರೂ ಆ ದಾಂಪತ್ಯವನ್ನು ಬಂಜೆಯೆನ್ನಲಾಗದೆಂದು ಹೇಳಿ ‘ಬಂಜೆ ವರ್ಗ’ದ ವಾದವನ್ನು ಅದೇ ಗ್ರಂಥದಲ್ಲಿ ತಳ್ಳಿಹಾಕಿದ ಸ್ಮಿತ್, ಕಟ್ಟುನಿಟ್ಟಾದ ಪಥ್ಯವಿಲ್ಲದೆ ದೇಹ ಉಳಿಯದೆಂದು ಕೆಲವು ವೈದ್ಯರು ಭ್ರಮಿಸುವಂತೆ, ಪರಿಪೂರ್ಣ ಸ್ವಾತಂತ್ರ್ಯವಿಲ್ಲದೆ ರಾಷ್ಟ್ರ ಏಳಿಗೆ ಹೊಂದದೆಂದು ವೈದ್ಯನೇ ಆದ ಕೆನೆಯೂ ಭ್ರಮಿಸಿದನೆಂದು ಚುಚ್ಚಿದ್ದಾನೆ.