ಬ್ರೌಸರ್ ಪರಿಭಾಷೆ: ಇಂಜಿನ್, ಫೋರ್ಕ್, ಪ್ಯಾಚ್ ಎಂದರೇನು?

ಬೆಂಗಳೂರಿನ ವಿಮಾನಪುರದಲ್ಲಿ ಇಂಜಿನ್ ಎಂದರೆ ವಿಮಾನದ ಇಂಜಿನ್. ಎಚ್‌ಎಎಲ್ ಕಾರ್ಖಾನೆಯ ಸುತ್ತ ಬೆಳೆದ ಆ ಪ್ರದೇಶದಿಂದ ಕೆಲವೇ ಕಿಲೋಮೀಟರು ದೂರದ ಇಂದಿರಾನಗರದ ತಂತ್ರಾಂಶ ಕಚೇರಿಗಳಲ್ಲಿ ಅದೇ ಪದಕ್ಕೆ ಅರ್ಥ ಬೇರೆ. ಅಲ್ಲಿ ಜಾಲತಾಣದ ಸಂಕೇತಗಳನ್ನು ಓದಿ, ಅವುಗಳನ್ನು ಅಕ್ಷರ ಹಾಗೂ ಚಿತ್ರಗಳಾಗಿ ಪರದೆಯ ಮೇಲೆ ಮೂಡಿಸುವ ತಂತ್ರಾಂಶದ ಭಾಗವೇ ಇಂಜಿನ್.

2010ರ ಜುಲೈನಲ್ಲಿ ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಸಂಸ್ಥೆ 'ಎಪಿಕ್' ಎಂಬ ಬ್ರೌಸರನ್ನು ಬಿಡುಗಡೆ ಮಾಡಿತು. ಆಲೋಕ್ ಭಾರದ್ವಾಜ್ ಇದರ ಸ್ಥಾಪಕರು. ಭಾರತೀಯ ಭಾಷೆಗಳಲ್ಲಿ ಬೆರಳಚ್ಚಿಸುವ ಸೌಲಭ್ಯ ಹಾಗೂ ವೈರಸ್ ನಿರೋಧಕವನ್ನು ಹೊಂದಿದ್ದ ಎಪಿಕ್ 'ಭಾರತದ ಮೊದಲ ಬ್ರೌಸರ್' ಎಂದು ಪ್ರಚಾರ ಪಡೆಯಿತು. ಆದರೆ ಸುದ್ದಿಯಲ್ಲಿ 'ಮೊಜಿಲ್ಲಾ ಆಧಾರಿತ' ಎಂಬ ಮಾತೂ ಇತ್ತು. ಹಾಗಾದರೆ ಇದು ಸ್ವದೇಶಿಯೋ, ಎರವಲೋ? ಉತ್ತರ ಬೇಕಿದ್ದರೆ ಈ ಕ್ಷೇತ್ರದ ಕೆಲವು ಪದಗಳನ್ನು ಅರಿಯುವುದು ಅನಿವಾರ್ಯ.

ಮೊದಲನೆಯದು ಸೋರ್ಸ್ ಕೋಡ್, ಅಂದರೆ ತಂತ್ರಜ್ಞರು ಬರೆದ ಮೂಲ ಸಂಕೇತ. ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿನ ಮೂಲ ಸಂಕೇತವನ್ನು 1998ರ ಮಾರ್ಚ್ 31ರಂದು ಸಾರ್ವಜನಿಕರಿಗೆ ತೆರೆದಿಟ್ಟಿತು. ಮೊಜಿಲ್ಲಾ ಯೋಜನೆ ಹುಟ್ಟಿದ್ದು ಹೀಗೆ; 2004ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 1.0 ಹೊರಬಂದಿತು. 'ಮುಕ್ತ' ಎಂದರೆ ನಿಯಮವಿಲ್ಲದ್ದು ಎಂದಲ್ಲ. ಮೊಜಿಲ್ಲಾದ ಪರವಾನಗಿಯ ಪ್ರಕಾರ, ಅದರ ಕಡತವನ್ನು ತಿದ್ದಿ ಬ್ರೌಸರನ್ನು ಹಂಚುವವರು ತಿದ್ದಿದ ಕಡತವನ್ನೂ ಬಹಿರಂಗಪಡಿಸಬೇಕು. ಪ್ರತ್ಯೇಕವಾಗಿ ಬರೆದು ಸೇರಿಸಿದ ಹೊಸ ಕಡತಗಳಿಗೆ ಈ ಕಟ್ಟುಪಾಡಿಲ್ಲ.

ಮೊಜಿಲ್ಲಾದ ಇಂಜಿನ್ನಿನ ಹೆಸರು ಗೆಕೋ. 2010ರ ಎಪಿಕ್ ಓಡಿದ್ದು ಅದರ ಬಲದಲ್ಲೇ. ವಿಮಾನಪುರದವರಿಗೆ ಇಂಥ ಏರ್ಪಾಡು ಹೊಸತಲ್ಲ. ಎಚ್‌ಎಎಲ್‌ನಲ್ಲಿ ತಯಾರಾಗುವ ತೇಜಸ್ ಯುದ್ಧವಿಮಾನದ ಇಂಜಿನ್ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯದು. ಆ ಕಾರಣಕ್ಕೆ ತೇಜಸ್ಸನ್ನು ಯಾರೂ ಅಮೆರಿಕದ ವಿಮಾನ ಎನ್ನುವುದಿಲ್ಲ. ಆದರೆ ಇಂಜಿನ್ ಬರುವುದು ತಡವಾದರೆ ಹಾರಾಟವೂ ತಡ.

ಫೋರ್ಕ್ ಎಂದರೆ ಊಟದ ಮುಳ್ಳುಚಮಚವಲ್ಲ, ಕವಲು. ಒಂದು ಯೋಜನೆಯ ಮೂಲ ಸಂಕೇತವನ್ನು ಪ್ರತಿ ಮಾಡಿಕೊಂಡು ಬೇರೆ ದಾರಿ ಹಿಡಿಯುವುದಕ್ಕೆ ಈ ಹೆಸರು. ಕೆಎಚ್‌ಟಿಎಂಎಲ್ ಎಂಬ ಇಂಜಿನ್ನಿನಿಂದ ಆಪಲ್ ಕವಲೊಡೆದು ವೆಬ್‌ಕಿಟ್ ಆಯಿತು. ವೆಬ್‌ಕಿಟ್‌ನಿಂದ ಗೂಗಲ್ 2013ರಲ್ಲಿ ಕವಲೊಡೆದು ಬ್ಲಿಂಕ್ ಆಯಿತು. ಕ್ರೋಮ್ ಬ್ರೌಸರಿಗೆ ಆಧಾರವಾದ ಮುಕ್ತ ಯೋಜನೆ ಕ್ರೋಮಿಯಂ. ಎಪಿಕ್ ಕೂಡ 2013ರಲ್ಲಿ ಗೆಕೋವನ್ನು ತೊರೆದು, ಖಾಸಗಿತನಕ್ಕೆ ಒತ್ತು ನೀಡುವ ಹೊಸ ಬ್ರೌಸರಾಗಿ ಕ್ರೋಮಿಯಂ ಮೇಲೆ ಮರುಹುಟ್ಟು ಪಡೆಯಿತು.

ಇನ್ನು ಅಪ್‌ಸ್ಟ್ರೀಮ್ ಮತ್ತು ಡೌನ್‌ಸ್ಟ್ರೀಮ್. ಮೂಲ ಯೋಜನೆ ಮೇಲ್ಹರಿವು; ಅದನ್ನು ಆಧರಿಸಿದ ಬ್ರೌಸರುಗಳು ಕೆಳಹರಿವು. ಸಾಮಾನ್ಯ ಬಳಕೆದಾರರಿಗೆ ಎಲ್ಲಕ್ಕಿಂತ ಹೆಚ್ಚು ಸಂಬಂಧಿಸಿದ್ದು ಇದೇ. ಭದ್ರತೆಯ ದೋಷವೊಂದು ಪತ್ತೆಯಾದಾಗ ಮೊಜಿಲ್ಲಾ ಅದರ ವಿವರವನ್ನು ತಾತ್ಕಾಲಿಕವಾಗಿ ಗುಪ್ತವಾಗಿಡುತ್ತದೆ. ದೋಷ ಮುಚ್ಚುವ ತೇಪೆ, ಅಂದರೆ ಪ್ಯಾಚ್, ಸಿದ್ಧವಾಗಿ ಸಹೋದ್ಯೋಗಿಗಳ ಪರಿಶೀಲನೆ ದಾಟಿದ ಮೇಲೆ ಮೂಲ ಸಂಕೇತಕ್ಕೆ ಸೇರುತ್ತದೆ. ಸೇರಿದ ಮೇಲೆ ಅದು ಬಹಿರಂಗ. ಹಳೆಯ ಮತ್ತು ಹೊಸ ಸಂಕೇತಗಳನ್ನು ಹೋಲಿಸಿ ನೋಡುವ ಕಿಡಿಗೇಡಿಗೆ ರಂಧ್ರ ಎಲ್ಲಿತ್ತೆಂಬುದು ತಿಳಿದುಬಿಡುತ್ತದೆ! ಕಾಲುವೆಯ ಕೊನೆಯಂಚಿನ ರೈತನಿಗೆ ನೀರು ತಡವಾಗಿ ತಲುಪುವಂತೆ ಕೆಳಹರಿವಿನ ಬ್ರೌಸರಿಗೆ ತೇಪೆ ತಡವಾಗಿ ತಲುಪಿದರೆ, ಆ ನಡುವಿನ ದಿನಗಳಲ್ಲಿ ಅದರ ಬಳಕೆದಾರರು ಅಪಾಯದಲ್ಲಿರುತ್ತಾರೆ. ಹೊಸ ಬಣ್ಣ, ಹೊಸ ಗುಂಡಿ ಸೇರಿಸುವುದು ಸುಲಭ. ಮೇಲ್ಹರಿವಿನ ವೇಗಕ್ಕೆ ವರ್ಷಗಟ್ಟಲೆ ಹೆಜ್ಜೆ ಹಾಕುವುದೇ ಸಣ್ಣ ಸಂಸ್ಥೆಗಳಿಗೆ ನಿಜವಾದ ಹೊರೆ.

ನೈಟ್ಲಿ ಎಂದರೆ ಅಂದಿನ ತಿದ್ದುಪಡಿಗಳನ್ನೆಲ್ಲ ಸೇರಿಸಿ ಪ್ರತಿದಿನ ತಯಾರಾಗುವ ಕಚ್ಚಾ ಆವೃತ್ತಿ. ಬೀಟಾ ಅದಕ್ಕಿಂತ ಪಕ್ವ. ಮೊದಲು ಸರಿಯಾಗಿದ್ದದ್ದು ಹೊಸ ತಿದ್ದುಪಡಿಯಿಂದ ಕೆಟ್ಟರೆ ಅದು ರಿಗ್ರೆಷನ್.

ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ ಪದ ಲೋಕಲೈಸೇಷನ್, ಅಂದರೆ ಸ್ಥಳೀಕರಣ. ಪಟ್ಟಿ, ಗುಂಡಿ, ಸೂಚನೆಗಳಲ್ಲಿ ಕಾಣುವ ಪ್ರತಿಯೊಂದು ಪದಪುಂಜವೂ ಒಂದು 'ಸ್ಟ್ರಿಂಗ್'. ಅವನ್ನೆಲ್ಲ ಅನುವಾದಿಸಿದ್ದರ ಫಲವಾಗಿ 2009ರಲ್ಲಿ ಫೈರ್‌ಫಾಕ್ಸ್ ಅಧಿಕೃತವಾಗಿ ಕನ್ನಡದಲ್ಲೂ ಲಭ್ಯವಾಯಿತು. ಅನುವಾದ ಮುಗಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಒತ್ತಕ್ಷರ, ಅರ್ಕಾವೊತ್ತುಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವ ಕೆಲಸಕ್ಕೆ ಶೇಪಿಂಗ್ ಎನ್ನುತ್ತಾರೆ; ಫೈರ್‌ಫಾಕ್ಸ್, ಕ್ರೋಮ್ ಎರಡರಲ್ಲೂ ಇದಕ್ಕಾಗಿ ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶವಿದೆ. 'ಫೈರ್‌ಫಾಕ್ಸ್' ಎಂಬ ಹೆಸರನ್ನೇ ನೋಡಬಹುದು. ರಕಾರದ ನಂತರ ಕಣ್ಣಿಗೆ ಕಾಣದ ಯೂನಿಕೋಡ್ ಚಿಹ್ನೆಯೊಂದು ಅಡಗಿದೆ. ಅದನ್ನು ತೆಗೆದರೆ 'ಫೈರ್ಫಾಕ್ಸ್' ಎಂದು ಅರ್ಕಾವೊತ್ತು ಬಂದು ಕೂರುತ್ತದೆ. ಇಂಥ ತೊಡಕು ಕನ್ನಡ ಓದಬಲ್ಲವರ ಕಣ್ಣಿಗಷ್ಟೇ ಬೀಳುತ್ತದೆ. ಅವರು 'ಬಗ್ ರಿಪೋರ್ಟ್', ಅಂದರೆ ದೋಷದ ದೂರು, ಸಲ್ಲಿಸದಿದ್ದರೆ ಇತರರಿಗೆ ಅದು ದೋಷವೆಂದೇ ತೋರದು. ದೂರಿನಲ್ಲಿ ಬ್ರೌಸರಿನ ಆವೃತ್ತಿ, ದೋಷ ಮರುಕಳಿಸುವ ಹಂತಗಳು ಮತ್ತು ಪರದೆಯ ಚಿತ್ರ ಇರಬೇಕು.

ಬ್ರೌಸರಿನ ಆವೃತ್ತಿಯ ಸಂಖ್ಯೆ ಸಾಮಾನ್ಯವಾಗಿ 'ಅಬೌಟ್' ಪುಟದಲ್ಲಿ ಸಿಗುತ್ತದೆ. ಕ್ರೋಮಿಯಂ ಆಧಾರಿತ ಬ್ರೌಸರು ಬಳಸುವವರು ಅದರ ಸ್ವಂತ ಸಂಖ್ಯೆಯ ಜತೆಗೆ ಕ್ರೋಮಿಯಂ ಸಂಖ್ಯೆಯನ್ನೂ ಹುಡುಕಿ, ಅಂದಿನ ಕ್ರೋಮ್ ಆವೃತ್ತಿಯೊಂದಿಗೆ ಹೋಲಿಸಬೇಕು. ಅಂತರ ಬಹಳವಿದ್ದರೆ ಆ ಬ್ರೌಸರಿನಲ್ಲಿ ಬ್ಯಾಂಕ್ ವ್ಯವಹಾರ ಮಾಡದಿರುವುದು ಕ್ಷೇಮ.