ಆಸ್ಟ್ರೇಲಿಯಾದ ಟ್ರಿಬ್ಯೂಟ್ ಬ್ಯಾಂಡುಗಳು

ಒಂದು ಪ್ರಸಿದ್ಧ ತಂಡದ ಹಾಡುಗಳನ್ನು ಅದರ ವೇಷಭೂಷಣ, ಹಾವಭಾವಗಳ ಸಮೇತ ಮತ್ತೊಂದು ತಂಡ ನುಡಿಸಿ ತೋರಿಸುವ ಪದ್ಧತಿಗೆ, ಅಂದರೆ ಟ್ರಿಬ್ಯೂಟ್ ಬ್ಯಾಂಡಿಗೆ, ಆಸ್ಟ್ರೇಲಿಯಾ ಹದವಾದ ನೆಲವಾಯಿತು. ಯುರೋಪ್, ಅಮೆರಿಕಗಳಿಂದ ಬಹುದೂರವಿದ್ದ ಆ ದೇಶಕ್ಕೆ ಮೂಲ ಕಲಾವಿದರು ಬರುತ್ತಿದ್ದುದೇ ಅಪರೂಪ. ಸ್ವೀಡನ್ನಿನ ಅಬ್ಬಾ ತಂಡ 1977ರಲ್ಲಿ ಅಲ್ಲಿ ಹಾಡಿ ಹೋಯಿತು; 1982ರ ಬಳಿಕ ಆ ತಂಡವೇ ಚದುರಿತಾದರೂ ಕೇಳುಗರ ಆಸೆ ಆರಲಿಲ್ಲ. 1988ರಲ್ಲಿ ಮೆಲ್ಬರ್ನಿನಲ್ಲಿ ಅಬ್ಬಾ ಹಾಡುಗಳ ಬ್ಯೋರ್ನ್ ಅಗೇನ್, ಅಡಿಲೇಡಿನಲ್ಲಿ ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡಿನ ಹಾಡುಗಳ ಆಸ್ಟ್ರೇಲಿಯನ್ ಪಿಂಕ್ ಫ್ಲಾಯ್ಡ್ ಷೋ ಹುಟ್ಟಿದವು. ಇವನ್ನು ಬರಿಯ ನಕಲೆಂದು ತಳ್ಳಿಹಾಕುವುದು ಅನ್ಯಾಯ. ಮೂಲ ತಂಡವನ್ನು ಎಂದೂ ಕಾಣಲಾಗದ ಊರಿನವರಿಗೆ ಧ್ವನಿಮುದ್ರಿಕೆಯ ಸಂಗೀತವನ್ನು ಕಣ್ಣೆದುರೇ ಕೇಳಿಸಿದವು ಇಂಥ ತಂಡಗಳೇ. ಪಿಂಕ್ ಫ್ಲಾಯ್ಡಿನ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ 1996ರಲ್ಲಿ ತಮ್ಮ 50ನೆಯ ಹುಟ್ಟುಹಬ್ಬಕ್ಕೆ ನುಡಿಸಲು ಆ ಅಡಿಲೇಡಿನ ತಂಡವನ್ನೇ ಕರೆಸಿದರು.