ಕೇಕು, ಕೂಸು ಮತ್ತು ಕೆಮಿಸ್ಟ್ರಿ: ಹೋಮ್ ಎಕನಾಮಿಕ್ಸ್ ಶಾಲೆಗೆ ಬಂದ ಕಥೆ

ಅಮೆರಿಕದಲ್ಲಿ ನಿಮ್ಮ ನೆಂಟರ ಮಕ್ಕಳು ಹೈಸ್ಕೂಲ್ ಓದ್ತಾ ಇದ್ದರೆ, ಈ ವರ್ಷ ಯಾವ್ಯಾವ ಸಬ್ಜೆಕ್ಟ್ ತಗೊಂಡಿದ್ದೀರಿ ಅಂತ ಒಮ್ಮೆ ಕೇಳಿ ನೋಡಿ. ಗಣಿತ, ಇತಿಹಾಸದ ಜೊತೆಗೆ ‘ಬೇಕಿಂಗ್’ ಅಂತಲೋ ‘ಚೈಲ್ಡ್ ಡೆವಲಪ್‌ಮೆಂಟ್’ ಅಂತಲೋ ಹೇಳಬಹುದು. ಅಲ್ಲಿನ ಎಷ್ಟೋ ಶಾಲೆಗಳಲ್ಲಿ ಇವು ಐಚ್ಛಿಕ ವಿಷಯಗಳು. ಬ್ರೆಡ್ ಮಾಡೋದಕ್ಕೂ ಮಗು ನೋಡಿಕೊಳ್ಳೋದಕ್ಕೂ ಶಾಲೆಯಲ್ಲಿ ಮಾರ್ಕ್ಸ್ ಯಾಕೆ ಅಂತ ನಿಮಗೆ ಅನ್ನಿಸಬಹುದು. ಈ ಎರಡು ತರಗತಿಗಳು ಒಂದೇ ತಾಯಿಯ ಮಕ್ಕಳು. ಆ ತಾಯಿಯ ಹೆಸರು ಹೋಮ್ ಎಕನಾಮಿಕ್ಸ್.

ಕಥೆ ಶುರುವಾಗೋದು ಅಡುಗೆಮನೆಯಲ್ಲಲ್ಲ, ಪ್ರಯೋಗಾಲಯದಲ್ಲಿ. ಎಲೆನ್ ಸ್ವಾಲೋ ರಿಚರ್ಡ್ಸ್ ಅಂತ ಒಬ್ಬ ರಸಾಯನಶಾಸ್ತ್ರಜ್ಞೆ. ಬಾಸ್ಟನ್ನಿನ ಎಂಐಟಿಗೆ ಪ್ರವೇಶ ಪಡೆದ ಮೊದಲ ಮಹಿಳೆ. 1873ರಲ್ಲಿ ಅಲ್ಲಿಂದ ಪದವಿ ಪಡೆದರು. ಮ್ಯಾಸಚೂಸೆಟ್ಸ್ ರಾಜ್ಯದ ಕುಡಿಯುವ ನೀರನ್ನ ಪರೀಕ್ಷೆ ಮಾಡಿದರು, ಆಹಾರದ ಕಲಬೆರಕೆ ಹುಡುಕಿದರು. ಅವರ ವಾದ ಸರಳವಾಗಿತ್ತು. ಮನೆಯೊಳಗೆ ಬರುವ ಗಾಳಿ, ನೀರು, ಹಿಟ್ಟು ಎಲ್ಲವೂ ವಿಜ್ಞಾನವೇ. ಹಾಗಿದ್ದ ಮೇಲೆ ಮನೆ ನಡೆಸೋ ಹೆಣ್ಣಿಗೆ ವಿಜ್ಞಾನ ಬೇಡ ಅನ್ನೋದು ಹೇಗೆ?

1899ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲಾಸಿಡ್‌ನಲ್ಲಿ ಹನ್ನೊಂದು ಜನ ಸೇರಿದರು. ಈ ಹೊಸ ವಿದ್ಯೆಗೆ ಏನು ಹೆಸರಿಡೋದು, ಶಾಲೆಗಳಲ್ಲಿ ಹೇಗೆ ಕಲಿಸೋದು ಅನ್ನೋದೇ ಚರ್ಚೆ. ಹತ್ತು ವರ್ಷದಲ್ಲಿ ಅದು ಅಮೆರಿಕನ್ ಹೋಮ್ ಎಕನಾಮಿಕ್ಸ್ ಅಸೋಸಿಯೇಷನ್ ಆಯಿತು, ರಿಚರ್ಡ್ಸ್ ಮೊದಲ ಅಧ್ಯಕ್ಷೆ. ಅಷ್ಟರಲ್ಲಿ ಅಡುಗೆಯ ಭಾಷೆಯೂ ಬದಲಾಗ್ತಾ ಇತ್ತು. 1896ರಲ್ಲಿ ಫ್ಯಾನಿ ಫಾರ್ಮರ್ ತಮ್ಮ ಅಡುಗೆ ಪುಸ್ತಕದಲ್ಲಿ ಸಮತಟ್ಟಾಗಿ ತುಂಬಿದ ಕಪ್ಪು, ಚಮಚದ ಲೆಕ್ಕಕ್ಕೆ ಒತ್ತು ಕೊಟ್ಟರು. ನಮ್ಮಜ್ಜಿಯರ ಕೈಯಳತೆ ಸಾರಿಗೆ ಸಾಕಾಗುತ್ತೆ, ಕೇಕಿಗೆ ಸಾಕಾಗಲ್ಲ. ಸೋಡಾ ಜಾಸ್ತಿಯಾದರೆ ಬಾಯಿಗೆ ಸೋಪಿನ ರುಚಿ, ಕಡಿಮೆಯಾದರೆ ಕೇಕ್ ಉಬ್ಬಲ್ಲ. ಸೋಡಾ ಮತ್ತು ಹುಳಿ ಸೇರಿ ಕಾರ್ಬನ್ ಡೈಆಕ್ಸೈಡ್ ಹುಟ್ಟೋದನ್ನ ಕಲಿಸೋಕೆ ಓವನ್‌ಗಿಂತ ಒಳ್ಳೆ ಪ್ರಯೋಗಾಲಯ ಯಾವುದಿದೆ ಹೇಳಿ?

1917ರಲ್ಲಿ ಸ್ಮಿತ್-ಹ್ಯೂಸ್ ಕಾಯ್ದೆ ಬಂತು. ಕೃಷಿ, ಕೈಗಾರಿಕಾ ಕಸುಬುಗಳ ಜೊತೆ ಹೋಮ್ ಎಕನಾಮಿಕ್ಸ್ ಕಲಿಸೋದಕ್ಕೂ ಕೇಂದ್ರ ಸರ್ಕಾರದ ಹಣ ಸಿಗತೊಡಗಿತು. ವಿಷಯ ಊರೂರಿಗೆ ಹಬ್ಬಿತು. ಆದರೆ ಜೊತೆಗೇ ಒಂದು ಗೋಡೆಯೂ ಎದ್ದಿತು: ಹುಡುಗರು ಮರಗೆಲಸದ ಕೋಣೆಗೆ, ಹುಡುಗಿಯರು ಒಲೆಯ ಕೋಣೆಗೆ. ಬೇರೆ ವಿಜ್ಞಾನ ವಿಭಾಗಗಳು ಕೆಲಸ ಕೊಡದ ಕಾಲದಲ್ಲಿ ಈ ವಿಷಯ ಮಹಿಳೆಯರಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆಯಿತು. ಕಾರ್ನೆಲ್‌ನಲ್ಲಿ ಮಾರ್ಥಾ ವಾನ್ ರೆನ್ಸೆಲರ್ ಮತ್ತು ಫ್ಲೋರಾ ರೋಸ್ 1911ರಲ್ಲೇ ಪ್ರೊಫೆಸರ್ ಆದರು. ಒಳಗೆ ಹೋದವರಿಗೆ ಸಿಕ್ಕಿದ್ದು ಮಾತ್ರ ಅದೊಂದೇ ಕೋಣೆ.

ಅದೇ ಕಾರ್ನೆಲ್‌ನಲ್ಲಿ ನಡೆದ ಒಂದು ಸಂಗತಿ ಇಂದಿಗೂ ನನ್ನನ್ನ ಕಾಡುತ್ತೆ. ಮಗು ಸಾಕೋದನ್ನ ಕಲಿಸೋಕೆ ಅವರು ಅನಾಥಾಲಯಗಳಿಂದ ನಿಜವಾದ ಕೂಸುಗಳನ್ನೇ ತಂದರು. 1920ರಲ್ಲಿ ಬಂದ ಮೊದಲ ಮಗುವಿಗೆ ‘ಡಿಕಿ ಡೊಮೆಕಾನ್’ ಅಂತ ಹೆಸರು. ಡೊಮೆಕಾನ್ ಅಂದರೆ ‘ಡೊಮೆಸ್ಟಿಕ್ ಎಕಾನಮಿ’ಯ ಚುಟುಕು ರೂಪ. ವಿದ್ಯಾರ್ಥಿನಿಯರು ಪಾಳಿಯ ಮೇಲೆ ‘ತಾಯಿ’ ಆಗ್ತಿದ್ದರು. ತೂಕ, ನಿದ್ದೆ, ಊಟ ಎಲ್ಲಕ್ಕೂ ದಾಖಲೆ. ಆಮೇಲೆ ಮಗು ದತ್ತು ಹೋಗ್ತಿತ್ತು. ಶಾಸ್ತ್ರೀಯವಾಗಿ ಬೆಳೆದ ಕೂಸು ಅಂತ ದತ್ತು ತಗೊಳ್ಳೋರಿಗೂ ಇವು ಇಷ್ಟವಾಗ್ತಿದ್ದವು. ಒಂದು ಮಗುವಿಗೆ ಅಷ್ಟೊಂದು ತಾಯಂದಿರಾದರೆ ಅದರ ಮನಸ್ಸಿಗೆ ಏನಾಗುತ್ತೆ? ಚಿಕ್ಕ ಮಗುವಿಗೆ ಸ್ಥಿರವಾದ ಒಂದು ಮಡಿಲು ಬೇಕು ಅಂತ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಬರೆದದ್ದು 1951ರಲ್ಲಿ. ಕಾರ್ನೆಲ್‌ನ ಕಾರ್ಯಕ್ರಮ ನಿಂತದ್ದು 1969ರಲ್ಲಿ.

ಗೋಡೆಗೆ ಪೆಟ್ಟು ಬಿದ್ದದ್ದು 1972ರಲ್ಲಿ, ‘ಟೈಟಲ್ ನೈನ್’ ಕಾನೂನಿನಿಂದ. ಸರ್ಕಾರದ ಹಣ ಪಡೆಯೋ ಶಾಲೆ ಹುಡುಗ-ಹುಡುಗಿ ಅಂತ ತರಗತಿ ಬೇರೆ ಮಾಡೋ ಹಾಗಿಲ್ಲ. ಹುಡುಗರು ಏಪ್ರನ್ ಕಟ್ಟಿದರು, ಹುಡುಗಿಯರು ಗರಗಸ ಹಿಡಿದರು. 1994ರಲ್ಲಿ ವಿಷಯದ ಹೆಸರೂ ‘ಫ್ಯಾಮಿಲಿ ಅಂಡ್ ಕನ್ಸ್ಯೂಮರ್ ಸೈನ್ಸಸ್’ ಅಂತ ಬದಲಾಯಿತು.

ಕೂಸಿನ ಜಾಗಕ್ಕೆ ಹಿಟ್ಟಿನ ಚೀಲ ಬಂತು, ಆಮೇಲೆ ರಾತ್ರಿಯೆಲ್ಲ ಅಳೋ ಎಲೆಕ್ಟ್ರಾನಿಕ್ ಬೊಂಬೆ. ಈ ಬೊಂಬೆ ಕೊಟ್ಟರೆ ಹದಿಹರೆಯದ ಗರ್ಭಧಾರಣೆ ತಪ್ಪುತ್ತೆ ಅನ್ನೋ ನಂಬಿಕೆ. ಪಶ್ಚಿಮ ಆಸ್ಟ್ರೇಲಿಯಾದ ಶಾಲೆಗಳಲ್ಲಿ ನಡೆದ ಅಧ್ಯಯನ 2016ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದಾಗ ಫಲಿತಾಂಶ ಉಲ್ಟಾ ಇತ್ತು: ಬೊಂಬೆ ಸಾಕಿದ ಹುಡುಗಿಯರಲ್ಲೇ ಗರ್ಭಧಾರಣೆ ಹೆಚ್ಚು. ಹೆದರಿಸಿ ಕಲಿಸೋದು ಕಲಿಸಿದ ಹಾಗಲ್ಲ ಅಂತ ನಾನು ಇದನ್ನ ಓದ್ಕೊಂಡೆ.

ನಮ್ಮ ಪಿಯುಸಿಯಲ್ಲೂ ಗೃಹ ವಿಜ್ಞಾನ ಇದೆ. ‘ಅದು ಹುಡುಗೀರ ಸಬ್ಜೆಕ್ಟ್’ ಅನ್ನೋ ಮಾತೂ ಇದೆ. ಈ ಇತಿಹಾಸ ನೋಡಿದ ಮೇಲೆ ನನಗನ್ನಿಸೋದು ಇಷ್ಟು: ಅಡುಗೆ, ಮಕ್ಕಳ ಪಾಲನೆ ಕಲಿಸಿದ್ದು ತಪ್ಪಲ್ಲ, ಅರ್ಧ ತರಗತಿಗೆ ಮಾತ್ರ ಕಲಿಸಿದ್ದು ತಪ್ಪು. ಹಸಿವು ಎಲ್ಲರಿಗೂ ಆಗುತ್ತೆ, ಕೂಸಿಗೆ ಅಪ್ಪನೂ ಇರ್ತಾನೆ. ನಿಮ್ಮ ಮನೆಯ ಹುಡುಗ ಗೃಹ ವಿಜ್ಞಾನ ತಗೋತೀನಿ ಅಂದರೆ ನೀವೇನಂತೀರಿ? ಯೋಚನೆ ಮಾಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.